ವೆನಿಸ್‌ನಿಂದ ರೋಮ್‌ವರೆಗೆ: ನಮ್ಮೂರಿನ ಸಂಸ್ಥೆಯೊಂದರ ಯುರೋಪ್ ಕೋಚ್ ಪ್ರವಾಸದ ಕೊನೆಯ ಭಾಗ

ಮಂಗಳೂರು ಮತ್ತು ಉಡುಪಿಯಿಂದ ಬೇಸಿಗೆ ರಜೆಯಲ್ಲಿ ಹೊರಡುವ ಯುರೋಪ್ ಗುಂಪು ಪ್ರವಾಸಗಳ ಬಗ್ಗೆ ಹೋಗಿಬಂದವರು ಹೇಳುವುದನ್ನು ಕೇಳಿದರೆ ಪ್ಯಾರಿಸ್ ಮತ್ತು ಸ್ವಿಟ್ಜರ್ಲೆಂಡ್‌ನ ವರ್ಣನೆಯೇ ಹೆಚ್ಚಾಗಿರುತ್ತದೆ. ಇಟಲಿಯ ಸರದಿ ಬರುವಷ್ಟರಲ್ಲಿ ಮಾತು "ಅಲ್ಲಿಗೂ ಹೋದೆವು, ಚೆನ್ನಾಗಿತ್ತು" ಎಂಬಲ್ಲಿಗೆ ಮುಗಿದುಬಿಡುತ್ತದೆ. 2025ರ ಮೇ ತಿಂಗಳಲ್ಲಿ ನಗರದ ಒಂದು ಪ್ರವಾಸ ಸಂಸ್ಥೆಯ ಮೂಲಕ ಪತಿ ಹಾಗೂ ಅತ್ತೆಯವರೊಂದಿಗೆ ನಾನು ಕೈಗೊಂಡ ಪ್ರವಾಸವೂ ವೆನಿಸ್, ಪೀಸಾ, ಫ್ಲಾರೆನ್ಸ್, ರೋಮ್ ಎಂಬ ಕ್ರಮದಲ್ಲಿಯೇ ಕೊನೆಗೊಂಡಿತು. ಈ ವಿಮರ್ಶೆ ಆ ಕೊನೆಯ ಭಾಗಕ್ಕೆ ಸೀಮಿತವಾದದ್ದು, ಏಕೆಂದರೆ ಸಂಸ್ಥೆಯ ಒಳ್ಳೆಯತನವೂ ಕೊರತೆಯೂ ಸ್ಪಷ್ಟವಾಗಿ ಕಂಡದ್ದು ಅಲ್ಲಿಯೇ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಸ್ಸು, ಚಾಲಕ, ಟೂರ್ ಮ್ಯಾನೇಜರ್ ಮತ್ತು ಊಟ, ಈ ನಾಲ್ಕಕ್ಕೂ ಪೂರ್ಣ ಅಂಕ ಕೊಡಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಆದರೆ ಕಚೇರಿಯಲ್ಲಿ ಕುಳಿತು ಕಾರ್ಯಕ್ರಮ ರೂಪಿಸಿದವರು ಯಾವ ಊರನ್ನು ವಾರದ ಯಾವ ದಿನ ತಲುಪುತ್ತೇವೆ ಎಂಬುದನ್ನೂ ನೋಡಿಲ್ಲ, ಬಸ್ಸಿನಲ್ಲಿ ಕುಳಿತವರು ಎಲ್ಲಿಯವರು, ಅವರಿಗೆ ಯಾವುದರ ಮೇಲೆ ಮನಸ್ಸಿದೆ ಎಂಬುದನ್ನೂ ನೋಡಿಲ್ಲ.

ಹಣದ ವಿಷಯವನ್ನು ಮೊದಲು ಮುಗಿಸುತ್ತೇನೆ. ತಲೆಗೆ ಮೂರು ಲಕ್ಷ ರೂಪಾಯಿ ದಾಟಿತು. ಅದರ ಮೇಲೆ ಆಗ ಶೇಕಡಾ 5 ಜಿಎಸ್‌ಟಿ, ಮತ್ತೆ ಶೇಕಡಾ 5 ಟಿಸಿಎಸ್ (ಸಂಸ್ಥೆಯೇ ನಮ್ಮಿಂದ ಮುಂಗಡವಾಗಿ ಸಂಗ್ರಹಿಸುವ ಆದಾಯ ತೆರಿಗೆ) ಇತ್ತು. ಟಿಸಿಎಸ್ ಮೊತ್ತ ನಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಾಣಿಕೆಯಾಗುತ್ತದೆ, ಆದ್ದರಿಂದ ಅದನ್ನು ಖರ್ಚೆಂದು ಭಾವಿಸಬೇಕಾಗಿಲ್ಲ. ನಿವೃತ್ತರಾಗಿ ತೆರಿಗೆ ಕಟ್ಟದೆ ಇರುವವರೂ ರಿಟರ್ನ್ ಸಲ್ಲಿಸಿ ಅದನ್ನು ಹಿಂಪಡೆಯಬಹುದು. ಈ ವಿಷಯವನ್ನು ಸಂಸ್ಥೆಯವರು ಹಿರಿಯರಿಗೆಲ್ಲ ತಾಳ್ಮೆಯಿಂದ ವಿವರಿಸಿದರು ಎಂಬುದನ್ನು ಇಲ್ಲಿ ದಾಖಲಿಸಬೇಕು.

ವೆನಿಸ್‌ಗೆ ನಾವು ತಲುಪಿದ್ದು ಶನಿವಾರ. ಹಗಲಿನಲ್ಲಿ ಬಂದು ಹೋಗುವ ಪ್ರವಾಸಿಗರ ಮೇಲೆ ಆ ನಗರ 2024ರಿಂದ ಕೆಲವು ನಿಗದಿತ ದಿನಗಳಲ್ಲಿ ಪ್ರವೇಶ ಶುಲ್ಕ ವಿಧಿಸುತ್ತಿದೆ. ಮುಂಚಿತವಾಗಿ ಕಟ್ಟಿದರೆ 5 ಯುರೋ, ಕೊನೆಯ ಗಳಿಗೆಯಲ್ಲಾದರೆ 10 ಯುರೋ. ಟೂರ್ ಮ್ಯಾನೇಜರ್ ಎಲ್ಲರ ಶುಲ್ಕವನ್ನೂ ಮೊದಲೇ ಕಟ್ಟಿ, ಒಬ್ಬೊಬ್ಬರ ಕ್ಯೂಆರ್ ಸಂಕೇತವನ್ನು ಕಾಗದದ ಮೇಲೆ ಮುದ್ರಿಸಿ, ಹೆಸರು ಬರೆದು, ಹಿಂದಿನ ರಾತ್ರಿಯೇ ಕೈಗೆ ಕೊಟ್ಟಿದ್ದರು. ಮೊಬೈಲ್ ತೆರೆದು ಚಿತ್ರ ಹುಡುಕುವುದು ಕಷ್ಟವಾದ ಹಿರಿಯರಿಗೆ ಇದರಿಂದ ಎಷ್ಟು ಅನುಕೂಲವಾಯಿತೆಂದು ನಾನು ಕಣ್ಣಾರೆ ನೋಡಿದ್ದೇನೆ. ಅಲ್ಲಿ 25ಕ್ಕಿಂತ ಹೆಚ್ಚು ಜನರ ಗುಂಪನ್ನು ಒಬ್ಬ ಗೈಡ್ ಕರೆದೊಯ್ಯುವಂತಿಲ್ಲ, ಧ್ವನಿವರ್ಧಕವನ್ನೂ ಬಳಸುವಂತಿಲ್ಲ. ನಮ್ಮನ್ನು ಎರಡು ತಂಡ ಮಾಡಿ, ಇಬ್ಬರು ಸ್ಥಳೀಯ ಗೈಡ್‌ಗಳನ್ನು ಗೊತ್ತುಪಡಿಸಿ, ಕಿವಿಗೆ ಹಾಕುವ ಸಾಧನಗಳನ್ನು ಹಂಚಿದ್ದರು. ಬಸ್ಸು ನಿಲ್ಲುವ ಟ್ರೊಂಕೆಟ್ಟೊ ದ್ವೀಪದಿಂದ ಸಂತ ಮಾರ್ಕನ ಚೌಕದ ಕಡೆಗೆ ದೋಣಿಯಲ್ಲಿ ಹೋಗುವಾಗ ಬಲಗಡೆ, ಎಡಗಡೆ ಏನಿದೆ ಎಂಬುದೆಲ್ಲ ಪ್ರತಿಯೊಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು.

ಗೊಂಡೋಲಾ ಸವಾರಿಯ ಬಗ್ಗೆ ಮಾತ್ರ ಆಕ್ಷೇಪವಿದೆ. ಅದು ಐಚ್ಛಿಕ ಕಾರ್ಯಕ್ರಮ. ತಲೆಗೆ 30 ಯುರೋ ಎಂದು ಬಸ್ಸಿನಲ್ಲಿಯೇ ನಗದು ಸಂಗ್ರಹಿಸಿದರು, ಒಂದು ದೋಣಿಗೆ ಐವರಂತೆ ಕೂರಿಸಿದರು. ವೆನಿಸ್ ನಗರಾಡಳಿತ ನಿಗದಿಪಡಿಸಿದ ಹಗಲಿನ ದರ ಅರ್ಧ ಗಂಟೆಗೆ ಇಡೀ ದೋಣಿಗೆ 90 ಯುರೋ, ಸಂಜೆ ಏಳರ ನಂತರ 110. ಐವರಿಂದ 150 ಯುರೋ ಪಡೆದು ಹಗಲಿನ ಸವಾರಿ ಮಾಡಿಸಿದರೆ ಉಳಿದ 60 ಯುರೋ ಎಲ್ಲಿ ಹೋಯಿತೆಂದು ಕೇಳುವ ಹಕ್ಕು ಪ್ರಯಾಣಿಕರಿಗಿದೆ. ಸಂಸ್ಥೆಗೆ ವ್ಯವಸ್ಥೆಯ ಖರ್ಚು ಇರಬಹುದು. ಹಾಗಿದ್ದರೆ ಅದನ್ನು ಬರೆದು ತಿಳಿಸಬೇಕು. ಹೋಗುವವರಿಗೆ ನನ್ನ ಸಲಹೆ ಇಷ್ಟೆ: ನಾಲ್ಕೈದು ಜನ ಒಟ್ಟುಗೂಡಿ ನೇರವಾಗಿ ದೋಣಿಕಟ್ಟೆಗೆ ಹೋಗಿ, ಹತ್ತುವ ಮೊದಲೇ ದರ ಮತ್ತು ಸಮಯವನ್ನು ಮಾತಾಡಿಕೊಳ್ಳಿ.

ಪೀಸಾದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 1990ರಲ್ಲಿ ಮುಚ್ಚಿದ್ದ ವಾಲುಗೋಪುರ ವಾಲುವಿಕೆಯನ್ನು ತಗ್ಗಿಸಿದ ಮೇಲೆ 2001ರಲ್ಲಿ ಮತ್ತೆ ತೆರೆಯಿತು, ನಿಗದಿತ ಸಮಯದ ಟಿಕೆಟ್ ಇದ್ದವರು ಈಗ ಹತ್ತಬಹುದು. ಗುಂಪು ಪ್ರವಾಸದಲ್ಲಿ ಅದಕ್ಕೆ ಸಮಯವಿರುವುದಿಲ್ಲ, ನಮಗೂ ಇರಲಿಲ್ಲ. ಬಸ್ ನಿಲ್ದಾಣ ದೂರವಿರುವುದರಿಂದ ಮಂಡಿನೋವು ಇರುವವರು ಅಲ್ಲಿನ ಪುಟ್ಟ ಪ್ರವಾಸಿ ರೈಲುಬಂಡಿಯನ್ನು ಹತ್ತುವುದು ಒಳ್ಳೆಯದು.

ಕಚೇರಿಯವರ ಅಲಕ್ಷ್ಯ ಪೂರ್ತಿಯಾಗಿ ಬಯಲಾದದ್ದು ಫ್ಲಾರೆನ್ಸ್‌ನಲ್ಲಿ. ಅಚ್ಚಿನ ಕಾರ್ಯಕ್ರಮ ಪಟ್ಟಿಯಲ್ಲಿ "ಮೈಕೆಲೇಂಜೆಲೊನ ಜಗತ್ಪ್ರಸಿದ್ಧ ಡೇವಿಡ್ ಪ್ರತಿಮೆ" ಎಂದು ದಪ್ಪ ಅಕ್ಷರಗಳಲ್ಲಿತ್ತು. ನಾವು ಆ ನಗರದಲ್ಲಿದ್ದದ್ದು ಸೋಮವಾರ. ಡೇವಿಡ್ ಇರುವ ಅಕಾಡೆಮಿಯಾ ಕಲಾಸಂಗ್ರಹಾಲಯಕ್ಕೂ, ಸಿನ್ಯೋರಿಯಾ ಚೌಕದ ಪಕ್ಕದಲ್ಲಿರುವ ಉಫೀಜಿ ಚಿತ್ರಶಾಲೆಗೂ ಸೋಮವಾರ ವಾರದ ರಜೆ. 1504ರಲ್ಲಿ ಸಿನ್ಯೋರಿಯಾ ಚೌಕದಲ್ಲಿ ನಿಲ್ಲಿಸಿದ ಮೂಲ ಪ್ರತಿಮೆಯನ್ನು ಮಳೆ ಗಾಳಿಯಿಂದ ಕಾಪಾಡಲು 1873ರಲ್ಲಿ ಅಕಾಡೆಮಿಯಾದೊಳಕ್ಕೆ ಸಾಗಿಸಿದರು. ಚೌಕದಲ್ಲಿ ಈಗ ನಿಂತಿರುವುದು 1910ರಲ್ಲಿ ಇರಿಸಿದ ಪ್ರತಿ. ನಮಗೆ ಕಂಡದ್ದು ಆ ಪ್ರತಿ ಮಾತ್ರ. ಸ್ಥಳೀಯ ಗೈಡ್ ಆ ಸಂಗತಿಯನ್ನು ಮುಚ್ಚಿಡದೆ ಹೇಳಿದರು, ಅದು ಅವರ ಪ್ರಾಮಾಣಿಕತೆ. ಆದರೆ ಹೊರಡುವ ದಿನಾಂಕ ಗೊತ್ತಾದ ಕೂಡಲೇ ಫ್ಲಾರೆನ್ಸ್ ಸೋಮವಾರಕ್ಕೆ ಬೀಳುತ್ತದೆ ಎಂಬುದನ್ನು ಕ್ಯಾಲೆಂಡರ್ ನೋಡಿದ ಯಾರಾದರೂ ಹೇಳಬಹುದಿತ್ತು. ಪೀಸಾ ಮತ್ತು ಫ್ಲಾರೆನ್ಸ್‌ಗಳ ದಿನಗಳನ್ನು ಅದಲುಬದಲು ಮಾಡಿದ್ದರೂ ಸಾಕಿತ್ತು, ಏಕೆಂದರೆ ಎರಡಕ್ಕೂ ನಾವು ಉಳಿದುಕೊಂಡದ್ದು ಒಂದೇ ಹೋಟೆಲಿನಲ್ಲಿ.

ಆ ಮಧ್ಯಾಹ್ನದ ಒಂದು ಗಳಿಗೆ ಮಾತ್ರ ಎಲ್ಲರಿಗೂ ಪ್ರಿಯವಾಯಿತು. ಅರ್ನೊ ನದಿಯ ಆಚೆ, ಎತ್ತರದಲ್ಲಿರುವ ಮೈಕೆಲೇಂಜೆಲೊ ಚೌಕದಲ್ಲಿ ನಿಂತು ನೋಡಿದರೆ 1436ರಲ್ಲಿ ಪೂರ್ಣಗೊಂಡ ಬ್ರುನೆಲೆಸ್ಕಿಯ ಇಟ್ಟಿಗೆಯ ಗುಮ್ಮಟವೂ ಅದರ ಸುತ್ತ ಹರಡಿದ ಕೆಂಪು ಹೆಂಚಿನ ಮಾಡುಗಳೂ ಒಟ್ಟಿಗೆ ಕಾಣುತ್ತವೆ. ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಊರಿನಿಂದ ಬಂದವರಿಗೆ ಆ ನೋಟ ಪರಕೀಯವೆನಿಸಲಿಲ್ಲ. ಬೈಕಂಪಾಡಿಯಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಹೆಂಚುಗಳ ಜೋಡಣೆಯನ್ನು ಗಮನಿಸಿ, ಇಲ್ಲಿನದು ಕೊಳವೆಯನ್ನು ಸೀಳಿದಂತಿರುವ ಹೆಂಚು, ನಮ್ಮದು ಚಪ್ಪಟೆಯಾಗಿ ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚು, ಆದ್ದರಿಂದ ನಮ್ಮ ಮಳೆಗೆ ಅದೇ ಸರಿ ಎಂದು ತುಳುವಿನಲ್ಲಿ ವಿವರಿಸಿದಾಗ ಸುತ್ತ ನಿಂತವರೆಲ್ಲ ಗೈಡ್‌ನ ಮಾತು ಬಿಟ್ಟು ಅವರ ಮಾತಿಗೆ ಕಿವಿಗೊಟ್ಟರು.

ಫ್ಲಾರೆನ್ಸ್‌ನಿಂದ ರೋಮ್ ಸುಮಾರು 275 ಕಿಲೋಮೀಟರ್. ಅದೇ ಸೋಮವಾರ ರಾತ್ರಿ "ರೋಮ್ ಬೈ ನೈಟ್", ಅಂದರೆ ದೀಪಾಲಂಕೃತ ನಗರದ ಬಸ್ ಸುತ್ತಾಟ, ಕಾರ್ಯಕ್ರಮದಲ್ಲಿ ಸೇರಿತ್ತು. ಅದು ನಡೆಯಲಿಲ್ಲ, ನಡೆಯುವುದು ಸಾಧ್ಯವೂ ಇರಲಿಲ್ಲ. ಯುರೋಪಿನ ಒಕ್ಕೂಟದ ನಿಯಮದ ಪ್ರಕಾರ ಬಸ್ ಚಾಲಕ ದಿನಕ್ಕೆ 9 ಗಂಟೆ ಮಾತ್ರ ವಾಹನ ಓಡಿಸಬಹುದು, ವಾರದಲ್ಲಿ ಎರಡು ಸಲ ಅದು 10 ಗಂಟೆಯಾಗಬಹುದು. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷಗಳ ವಿರಾಮ ಕಡ್ಡಾಯ. ಇದಕ್ಕಿಂತ ಮುಖ್ಯವಾದದ್ದು, ಇಪ್ಪತ್ತನಾಲ್ಕು ಗಂಟೆಗಳಲ್ಲಿ 11 ಗಂಟೆಗಳ ನಿರಂತರ ವಿಶ್ರಾಂತಿ ಅವನಿಗೆ ಸಿಗಲೇಬೇಕು. ಒಂದು ವಾರರಜೆಗೂ ಮುಂದಿನ ವಾರರಜೆಗೂ ನಡುವೆ ಮೂರು ಸಲ ಮಾತ್ರ ಅದನ್ನು 9 ಗಂಟೆಗೆ ಇಳಿಸಬಹುದು. ಎಷ್ಟು ಓಡಿಸಿದ, ಎಷ್ಟು ನಿಂತ ಎಂಬುದೆಲ್ಲ ಬಸ್ಸಿನ ಟ್ಯಾಕೋಗ್ರಾಫ್ ಸಾಧನದಲ್ಲಿ ದಾಖಲಾಗುತ್ತದೆ, ದಾರಿಯಲ್ಲಿ ಪೊಲೀಸರು ಅದನ್ನು ಪರಿಶೀಲಿಸುತ್ತಾರೆ. ಅಂತಾರಾಷ್ಟ್ರೀಯ ಪ್ರವಾಸಿ ಬಸ್ಸುಗಳಿಗೆ ವಾರದ ರಜೆಯನ್ನು ಹನ್ನೆರಡು ದಿನಗಳವರೆಗೆ ಮುಂದೂಡುವ ಅವಕಾಶವಿರುವುದರಿಂದ ಪ್ರವಾಸದ ಕೊನೆಗೆ ಬರುವ ಹೊತ್ತಿಗೆ ಈ ಸಡಿಲಿಕೆಗಳೆಲ್ಲ ಮುಗಿದಿರುತ್ತವೆ. ನಮ್ಮ ಚಾಲಕನ ಮಟ್ಟಿಗೂ ಹಾಗೆಯೇ ಆಗಿತ್ತು. ಬೆಳಿಗ್ಗೆ ಏಳೂವರೆಗೆ ಬಸ್ಸು ಹೊರಡಿಸಿದ ಅವರು ರಾತ್ರಿ ಎಂಟೂವರೆಯೊಳಗೆ ಅದನ್ನು ನಿಲ್ಲಿಸಲೇಬೇಕಿತ್ತು.

ಶಿರಾಡಿ ಘಾಟಿಯ ರಾತ್ರಿ ಬಸ್ಸುಗಳಿಗೆ ಒಗ್ಗಿಕೊಂಡ ನಮ್ಮವರಲ್ಲಿ ಕೆಲವರು "ಒಂದು ಗಂಟೆ ಹೆಚ್ಚು ಓಡಿಸಿದರೆ ಏನಾಗುತ್ತದೆ" ಎಂದು ಆತನ ಮೇಲೆ ರೇಗಿದರು. ಅದು ಸರಿಯಲ್ಲ. ಹಿಂದಿನ ದಿನಗಳಲ್ಲಿ ಆಲ್ಪ್ಸ್ ಪರ್ವತದ ಬ್ರೆನರ್ ಕಣಿವೆಯ ತಿರುವುಗಳಲ್ಲಿ ಒಬ್ಬ ಹಿರಿಯರಿಗೂ ತಲೆಸುತ್ತು ಬಾರದ ಹಾಗೆ ಬಸ್ಸು ನಡೆಸಿದವರು ಅವರು. ಪ್ರತಿ ನಿಲುಗಡೆಯಲ್ಲಿಯೂ ಬಾಗಿಲ ಬಳಿ ಬಂದು ನಿಂತು, ಅತ್ತೆಯವರು ಇಳಿಯುವಾಗ ಮೊಣಕೈ ಹಿಡಿದುಕೊಳ್ಳುತ್ತಿದ್ದರು. ತಪ್ಪು ಪೂರ್ತಿಯಾಗಿ ಕಚೇರಿಯದು. ಚಾಲಕನ ಸಮಯವನ್ನು ಲೆಕ್ಕ ಹಾಕದೆ ಕಾಗದದ ಮೇಲೆ ಒಂದು ರಾತ್ರಿ ಸುತ್ತಾಟವನ್ನು ಬರೆದು, ಅದಕ್ಕೂ ಸೇರಿಸಿ ಹಣ ಪಡೆದವರು ಅವರು. ಟೂರ್ ಮ್ಯಾನೇಜರ್ ಮರುದಿನ ಸಂಜೆ ಆಸಕ್ತರನ್ನು ಮೆಟ್ರೋದಲ್ಲಿ ಕರೆದೊಯ್ದು ಕೊಲೋಸಿಯಂ ಸುತ್ತಮುತ್ತ ತೋರಿಸಿ ಸ್ವಲ್ಪ ಮಟ್ಟಿಗೆ ಸರಿದೂಗಿಸಿದರು, ಆದರೆ ನಡೆಯಲಾರದವರಿಗೆ ಅದು ದಕ್ಕಲಿಲ್ಲ.

ಇನ್ನು ಮಂಗಳವಾರದ ವ್ಯಾಟಿಕನ್. ನಮ್ಮ ಬಸ್ಸಿನಲ್ಲಿ ಅರ್ಧದಷ್ಟು ಜನ ಬೆಂದೂರು, ಕುಲಶೇಖರ, ಕಲ್ಯಾಣಪುರ, ಶಿರ್ವ ಕಡೆಯ ಕ್ರೈಸ್ತ ಕುಟುಂಬದವರು. ಅವರಿಗೆ ಐಫೆಲ್ ಗೋಪುರ, ಹಿಮದ ಬೆಟ್ಟ ಎಲ್ಲವೂ ದಾರಿಯಲ್ಲಿ ಸಿಕ್ಕಿದವು, ಹೊರಟದ್ದು ರೋಮ್‌ಗೆ. ಅದೂ 2025 ಕ್ಯಾಥೋಲಿಕರ ಜುಬಿಲಿ ವರ್ಷ, ಸಾಮಾನ್ಯವಾಗಿ ಇಪ್ಪತ್ತೈದು ವರ್ಷಗಳಿಗೊಮ್ಮೆ ತೆರೆಯುವ ಸಂತ ಪೇತ್ರರ ಬೆಸಿಲಿಕಾದ ಪವಿತ್ರ ದ್ವಾರ 2024ರ ಡಿಸೆಂಬರ್ 24ರಿಂದ ತೆರೆದಿತ್ತು. ಅಂಥ ವರ್ಷದಲ್ಲಿ ಅಂಥ ಗುಂಪಿಗೆ ಕಚೇರಿಯ ಪಟ್ಟಿಯಲ್ಲಿ ಇದ್ದದ್ದು "ವ್ಯಾಟಿಕನ್ ನಗರ: ಫೋಟೋ ನಿಲುಗಡೆ, ಸಮಯವಿದ್ದರೆ ಬೆಸಿಲಿಕಾ ಪ್ರವೇಶ" ಎಂಬ ಒಂದು ಸಾಲು. ಆ "ಸಮಯವಿದ್ದರೆ" ಎಂಬ ಮಾತನ್ನು ಓದಿ ನನಗೆ ನಿಜಕ್ಕೂ ಬೇಸರವಾಯಿತು.

ಸಮಯವನ್ನು ಉಂಟುಮಾಡಿದವರು ಟೂರ್ ಮ್ಯಾನೇಜರ್. ಸಂತ ಪೇತ್ರರ ಬೆಸಿಲಿಕಾ ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ. ಹೋಟೆಲಿನವರನ್ನು ಒಪ್ಪಿಸಿ ಉಪಾಹಾರವನ್ನು ಪೊಟ್ಟಣ ಕಟ್ಟಿಸಿಕೊಂಡು, ನಸುಕಿನಲ್ಲಿಯೇ ಒಂದು ಸ್ಥಳೀಯ ಬಸ್ಸನ್ನು ಗೊತ್ತುಮಾಡಿ, ಭದ್ರತಾ ತಪಾಸಣೆಯ ಸಾಲು ಬೆಳೆಯುವ ಮೊದಲೇ ನಮ್ಮನ್ನು ಚೌಕಕ್ಕೆ ತಲುಪಿಸಿದರು. ಭುಜ ಮತ್ತು ಮಂಡಿ ಮುಚ್ಚುವ ಉಡುಪು ಇರಬೇಕೆಂದು ಎರಡು ದಿನ ಮೊದಲೇ ನೆನಪಿಸಿದ್ದರಿಂದ ಒಬ್ಬರೂ ಬಾಗಿಲಲ್ಲಿ ಹಿಂದಿರುಗಬೇಕಾಗಲಿಲ್ಲ. ಶಿರ್ವದ ಒಬ್ಬ ಅಜ್ಜಿ, ಊರಿನ ನೆರೆಹೊರೆಯವರೆಲ್ಲ ಕೊಟ್ಟು ಕಳುಹಿಸಿದ ಜಪಸರಗಳನ್ನು ಒಂದು ಬಿಳಿ ವಸ್ತ್ರದಲ್ಲಿ ಗಂಟು ಕಟ್ಟಿ ತಂದಿದ್ದರು. ಪವಿತ್ರ ದ್ವಾರವನ್ನು ದಾಟುವಾಗ ಆ ಗಂಟನ್ನು ಕಂಚಿನ ಬಾಗಿಲಿಗೆ ತಾಗಿಸಿ, ಕೊಂಕಣಿಯಲ್ಲಿ ಒಬ್ಬೊಬ್ಬರ ಹೆಸರನ್ನೂ ಹೇಳಿದರು. ಅವರ ಹಿಂದಿದ್ದವರು ಯಾರೂ ಅವಸರ ಮಾಡಲಿಲ್ಲ. ಹೊರಗೆ ಬಂದ ಮೇಲೆ ಗೈಡ್ ನಮ್ಮನ್ನು ಚೌಕದ ನೆಲದಲ್ಲಿ ಹುದುಗಿಸಿದ ಒಂದು ಗುಂಡು ಕಲ್ಲಿನ ಮೇಲೆ ನಿಲ್ಲಿಸಿದರು. ಬರ್ನಿನಿ ರಚಿಸಿದ ಕಂಬಸಾಲಿನಲ್ಲಿ 284 ಕಂಬಗಳು ನಾಲ್ಕು ಸಾಲುಗಳಲ್ಲಿವೆ. ಆ ಕಲ್ಲಿನ ಮೇಲೆ ನಿಂತರೆ ಹಿಂದಿನ ಮೂರು ಸಾಲುಗಳು ಮರೆಯಾಗಿ ಒಂದೇ ಸಾಲು ಕಾಣುತ್ತದೆ. ಅತ್ತೆಯವರು ಮೂರು ಸಲ ಕಲ್ಲಿನಿಂದ ಇಳಿದು ಮತ್ತೆ ಹತ್ತಿ ನೋಡಿದರು.

ಪೋಪ್ ಅವರ ಸಾರ್ವಜನಿಕ ದರ್ಶನ ನಡೆಯುವುದು ಬುಧವಾರ ಬೆಳಿಗ್ಗೆ, ಪ್ರವೇಶ ಪತ್ರ ಉಚಿತ. ಮೇ 8ರಂದು ಆಯ್ಕೆಯಾದ ಹದಿನಾಲ್ಕನೇ ಲಿಯೊ ಅವರನ್ನು ನೋಡಬೇಕೆಂಬ ಆಸೆ ಬಸ್ಸಿನಲ್ಲಿ ಅನೇಕರಿಗಿತ್ತು. ನಮ್ಮ ವಿಮಾನ ಬುಧವಾರ ಮಧ್ಯಾಹ್ನವೇ ಇದ್ದುದರಿಂದ ಆ ಅವಕಾಶ ತಪ್ಪಿತು. ರಾತ್ರಿಯ ವಿಮಾನಕ್ಕೆ ಟಿಕೆಟ್ ತೆಗೆದಿದ್ದರೆ ಹೆಚ್ಚುವರಿ ಹೋಟೆಲ್ ಖರ್ಚೂ ಇಲ್ಲದೆ ಅದು ಸಾಧ್ಯವಾಗುತ್ತಿತ್ತು. ಕರಾವಳಿಯಲ್ಲಿ ಕಚೇರಿ ಇಟ್ಟುಕೊಂಡು ಇಲ್ಲಿಯವರನ್ನೇ ಕರೆದೊಯ್ಯುವ ಸಂಸ್ಥೆಗೆ ಇದು ಹೊಳೆಯಬೇಕಿತ್ತು.

ಪೋಪ್ ಫ್ರಾನ್ಸಿಸ್ ಅವರ ಸಮಾಧಿಯೂ ಪಟ್ಟಿಯಲ್ಲಿರಲಿಲ್ಲ. ಏಪ್ರಿಲ್ 21ರಂದು ನಿಧನರಾದ ಅವರನ್ನು ಅವರ ಇಚ್ಛೆಯಂತೆ ವ್ಯಾಟಿಕನ್‌ನ ಹೊರಗೆ, ರೋಮ್‌ನ ಸಾಂತಾ ಮರಿಯಾ ಮಜ್ಜೋರೆ ಬೆಸಿಲಿಕಾದಲ್ಲಿ ಸಮಾಧಿ ಮಾಡಲಾಗಿದೆ. ಮಧ್ಯಾಹ್ನ ಖರೀದಿಗೆಂದು ಬಿಟ್ಟ ಸಮಯದಲ್ಲಿ ಟೂರ್ ಮ್ಯಾನೇಜರ್ ಬಯಸಿದವರನ್ನು ಅಲ್ಲಿಗೆ ಕರೆದೊಯ್ದರು. ಸಮಾಧಿಯ ಮೇಲೆ ಲ್ಯಾಟಿನ್‌ನಲ್ಲಿ "ಫ್ರಾನ್ಸಿಸ್ಕುಸ್" ಎಂಬ ಹೆಸರೊಂದೇ ಇದೆ, ಗೋಡೆಯ ಮೇಲಿನ ಒಂದು ಶಿಲುಬೆಯನ್ನು ಬಿಟ್ಟರೆ ಬೇರೆ ಯಾವ ಅಲಂಕಾರವೂ ಇಲ್ಲ. ಖರೀದಿಗೆ ಹೋಗಬೇಕೆಂದಿದ್ದ ಉಡುಪಿಯ ಎರಡು ಕುಟುಂಬಗಳೂ ಕೊನೆಗೆ ಆ ಸಾಲಿನಲ್ಲಿಯೇ ಬಂದು ನಿಂತವು.

ಮಂಗಳೂರಿಗರಿಗೆ ರೋಮ್‌ನಲ್ಲಿ ಇನ್ನೂ ಒಂದು ಸ್ಥಳವಿದೆ, ಅದನ್ನು ಯಾವ ಸಂಸ್ಥೆಯ ಪಟ್ಟಿಯಲ್ಲಿಯೂ ನಾನು ಕಂಡಿಲ್ಲ. ಟ್ರೆವಿ ಕಾರಂಜಿಯಿಂದ ಪ್ಯಾಂಥಿಯನ್ ಕಡೆಗೆ ನಡೆಯುವ ದಾರಿಗೆ ತೀರ ಹತ್ತಿರದಲ್ಲಿರುವ ಸಂತ ಇಗ್ನೇಷಿಯಸ್‌ನ ಇಗರ್ಜಿ ಅದು. ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತ 1591ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ ತೀರಿಕೊಂಡ ಸಂತ ಅಲೋಶಿಯಸ್ ಗೊನ್ಜಾಗಾ ಅವರ ಅವಶೇಷಗಳು ಅಲ್ಲಿ ನೀಲಿ ಕಲ್ಲಿನ ಕರಂಡದಲ್ಲಿವೆ. ಮಂಗಳೂರಿನ ಲೈಟ್‌ಹೌಸ್ ಹಿಲ್‌ನ ಅಲೋಶಿಯಸ್ ಕಾಲೇಜಿಗೆ ಹೆಸರು ಬಂದದ್ದು ಅವರಿಂದ. ಅದೇ ಕಾಲೇಜಿನಲ್ಲಿ ಓದಿದ ನನ್ನ ಪತಿಗೆ ಇದು ತಿಳಿದಿದ್ದರಿಂದ, ಗುಂಪು ಐಸ್‌ಕ್ರೀಮ್ ಅಂಗಡಿಯಲ್ಲಿದ್ದಾಗ ನಾವಿಬ್ಬರೂ ಹೋಗಿಬಂದೆವು. ಮೇಲೆ ನೋಡಿದರೆ ಆಂದ್ರೆಯಾ ಪೊತ್ಸೊ ಬಿಡಿಸಿದ ಚಾವಣಿ. ಇಲ್ಲದ ಗುಮ್ಮಟವನ್ನು ಬಣ್ಣದಿಂದಲೇ ಇರುವಂತೆ ಕಾಣಿಸಿದ ಆತ ಜೆಸುಯಿಟ್ ಎಂಬ ಕ್ಯಾಥೋಲಿಕ್ ಸಂನ್ಯಾಸಿ ಸಭೆಯ ಬ್ರದರ್, ಅಂದರೆ ಪಾದ್ರಿಯಲ್ಲದ ಸದಸ್ಯ. ಸುಮಾರು 1900ರ ಹೊತ್ತಿಗೆ ಮಂಗಳೂರಿಗೆ ಬಂದು ನಮ್ಮ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ ಇಟಲಿಯ ಆಂಟೋನಿಯೊ ಮೊಸ್ಕೆನಿಯೂ ಅದೇ ಸಭೆಯ ಬ್ರದರ್. ಚಾಪೆಲ್ ನೋಡಿದವರಿಗೆ ಆ ಚಾವಣಿಯ ಕೆಳಗೆ ನಿಂತಾಗ ಆಗುವ ಸಂತೋಷಕ್ಕೆ ಟಿಕೆಟ್ ಇಲ್ಲ, ಬಸ್ಸಿನ ಪರವಾನಗಿ ಬೇಡ, ಇಪ್ಪತ್ತು ನಿಮಿಷ ಸಾಕು.

ಊಟದ ವಿಷಯದಲ್ಲಿ ದೂರಿಲ್ಲ. ರಾತ್ರಿಯ ಊಟ ಪ್ರತಿ ಊರಿನಲ್ಲಿಯೂ ಭಾರತೀಯ ಹೋಟೆಲಿನಲ್ಲಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಉಡುಪಿಯ ಹಿರಿಯರಿಗೆ ಬೇರೆಯಾಗಿಯೇ ಬಡಿಸಿದರು. ಕೊನೆಯ ದಿನಗಳಲ್ಲಿ ಜನ ಪನೀರ್‌ಗಿಂತ ಕುಚ್ಚಲಕ್ಕಿ ಗಂಜಿಯನ್ನು ನೆನೆಯುತ್ತಿದ್ದರು, ಅದಕ್ಕೆ ಸಂಸ್ಥೆ ಏನೂ ಮಾಡಲಾಗದು. ರೋಮ್‌ನ ಹೋಟೆಲ್ ಸ್ವಚ್ಛವಾಗಿತ್ತು, ಆದರೆ ವರ್ತುಲ ಹೆದ್ದಾರಿಯ ಹೊರಗೆ, ಸಂಜೆ ಹೊರಬಂದರೆ ಒಂದು ಅಂಗಡಿಯೂ ಇಲ್ಲದ ಜಾಗದಲ್ಲಿತ್ತು. ಕುಡಿಯುವ ನೀರಿಗೆ ಹಣ ಕೊಡಬೇಡಿ: ನಗರದ ಬೀದಿಗಳಲ್ಲಿ ಸುಮಾರು 2,500 ನಲ್ಲಿಗಳಿಂದ ಒಳ್ಳೆಯ ನೀರು ಸದಾ ಹರಿಯುತ್ತಿರುತ್ತದೆ.

ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಸಾಕಷ್ಟು ಮುಂಚೆ ಕರೆದೊಯ್ದದ್ದರಿಂದ ಫ್ಲಾರೆನ್ಸ್‌ನಲ್ಲಿ ಚರ್ಮದ ಚೀಲ ಕೊಂಡವರಿಗೆ ತೆರಿಗೆ ಮರುಪಾವತಿಯ ಮೊಹರು ಸಿಕ್ಕಿತು. ಇಟಲಿಯಲ್ಲಿ ಒಂದು ಅಂಗಡಿಯ ಬಿಲ್ 70 ಯುರೋ ದಾಟಿದರೆ ಇದಕ್ಕೆ ಅರ್ಹತೆ ಬರುತ್ತದೆ. ಸ್ವಿಟ್ಜರ್ಲೆಂಡ್ ಯುರೋಪಿನ ಒಕ್ಕೂಟದ ಸದಸ್ಯ ರಾಷ್ಟ್ರವಲ್ಲ, ಆದ್ದರಿಂದ ಅಲ್ಲಿ ಕೊಂಡ ಗಡಿಯಾರದ ಕಾಗದಕ್ಕೆ ಆ ದೇಶದ ಗಡಿಯಲ್ಲಿಯೇ ಮೊಹರು ಹಾಕಿಸಬೇಕು, ರೋಮ್‌ನಲ್ಲಿ ಆಗುವುದಿಲ್ಲ.

ಕೊನೆಯ ಹಂತ ಮುಂಬೈಯಿಂದ ಬಜ್ಪೆ, ಅಂದರೆ ಮಂಗಳೂರಿನ ವಿಮಾನ ನಿಲ್ದಾಣ. ವಿದೇಶದಿಂದ ಬಂದವರು ಮುಂಬೈಯಲ್ಲಿಯೇ ಸಾಮಾನು ಪಡೆದು, ಕಸ್ಟಮ್ಸ್ ದಾಟಿ, ದೇಶೀಯ ವಿಮಾನಕ್ಕೆ ಮತ್ತೆ ಒಪ್ಪಿಸಬೇಕು. ಇದಕ್ಕೆ ಸಂಸ್ಥೆ ಇಟ್ಟಿದ್ದ ಅಂತರ ತೀರ ಕಡಿಮೆ, ಸಾಲದೆಂಬಂತೆ ಎರಡೂ ಟಿಕೆಟ್‌ಗಳು ಬೇರೆ ಬೇರೆ ಪಿಎನ್‌ಆರ್‌ನಲ್ಲಿದ್ದವು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತ್ತು. ಗುಡ್ಡದ ತುದಿಯಲ್ಲಿ ರನ್‌ವೇ ಇರುವ ಬಜ್ಪೆಗೆ ಬರುವ ವಿಮಾನಗಳು ಜಡಿಮಳೆಯಲ್ಲಿ ತಡವಾಗುವುದು ಇಲ್ಲಿಯವರಿಗೆಲ್ಲ ತಿಳಿದದ್ದೇ. ಗಾಲಿಕುರ್ಚಿಗೆ ಕಾದಿದ್ದ ಹಿರಿಯರಿರುವ ಮೂರು ಕುಟುಂಬಗಳಿಗೆ ಸಂಪರ್ಕ ವಿಮಾನ ತಪ್ಪಿ, ತಮ್ಮ ಹಣದಿಂದಲೇ ಹೊಸ ಟಿಕೆಟ್ ಕೊಳ್ಳಬೇಕಾಯಿತು. ಪಿಎನ್‌ಆರ್ ಒಂದೇ ಆಗಿದ್ದರೆ ಮುಂದಿನ ವಿಮಾನಕ್ಕೆ ಸೇರಿಸುವ ಹೊಣೆ ವಿಮಾನ ಸಂಸ್ಥೆಯದಾಗುತ್ತಿತ್ತು.

ಈ ಅಂಶಗಳನ್ನೆಲ್ಲ ಬರೆದು ಸಂಸ್ಥೆಗೆ ಪತ್ರ ಕೊಟ್ಟಿದ್ದೇವೆ, ಗುಂಪಿನ ಬಹುತೇಕರು ಸಹಿ ಹಾಕಿದ್ದಾರೆ. ಮುಂದಿನ ಬೇಸಿಗೆಯ ಕಾರ್ಯಕ್ರಮ ಪಟ್ಟಿಯಲ್ಲಿ ದಿನಾಂಕದ ಜೊತೆ ವಾರವನ್ನೂ ಮುದ್ರಿಸಿ, ಫ್ಲಾರೆನ್ಸನ್ನು ಸೋಮವಾರದಿಂದ ತಪ್ಪಿಸುವುದಾಗಿ ಅವರು ಉತ್ತರಿಸಿದ್ದಾರೆ. ನಡೆಯದ ರಾತ್ರಿ ಸುತ್ತಾಟದ ಹಣ ಮತ್ತು ಆ ಮೂರು ಕುಟುಂಬಗಳ ಟಿಕೆಟ್ ವೆಚ್ಚದ ಬಗ್ಗೆ ಉತ್ತರ ಇನ್ನೂ ಬಂದಿಲ್ಲ.